ಒಂಬತ್ತನೇ ನಿಯಮ

“ಲೇ ಬೋರಿ, ನಿನ್ನ ಹೆಜ್ಜಿ ಕಾಣಾಕತ್ತಾವ ನೋಡು ಫೋಟೋದಾಗ. ಎಮ್ಮಿ ತುಳದಂಗ ತುಳದೀಯಲ್ಲ, ನಿಮ್ಮಪ್ಪನ ಕುರಿಹಟ್ಟಿ ಅಂತ ತಿಳದೀಯೇನು ಇದನ್ನ?”

ಬಸಲಿಂಗಯ್ಯ ಮೊಬೈಲನ್ನು ಅವ್ವನ ಮೂಗಿಗೆ ತಾಗುವಂತೆ ಹಿಡಿದಿದ್ದ. ಅಷ್ಟು ಹತ್ತಿರದ್ದು ಅವ್ವನಿಗೆ ಕಾಣುವುದಿಲ್ಲ. ಆದರೂ ಕತ್ತು ಹಿಂದಕ್ಕೆಳೆದು, ಕಣ್ಣು ಕಿರಿದು ಮಾಡಿ, ಕಂಡವಳಂತೆ ತಲೆಯಾಡಿಸಿದಳು.

“ತಪ್ಪಾತ್ರಿ.”

“ಬಾಯಿಲೆ ಅಂದ್ರ ಹೆಜ್ಜಿ ಅಳಸ್ತಾವೇನು? ಮತ್ತ ಹೊಡಿ. ಈ ಫೋಟೋ ಕಳಸಿದ್ರ ಸಾಹೇಬ್ರು ನನ್ನ ಮಾರಿಗೆ ಉಗುಳ್ತಾರ. ನನಗ ಉಗುಳಿದ್ದನ್ನ ನಾ ನಿನಗ ಉಗುಳಬೇಕಾಗ್ತದ, ಸೂಳಿಮಗಳ.”

“ಹೊಡೀತೇನ್ರಿ ಯಪ್ಪಾ.”

ಅವ್ವ ಮತ್ತೆ ಬಗ್ಗಿದಳು. ನಾನು ನೀರಿನ ಕೊಡ ಹಿಡಿದು ನಿಂತಿದ್ದೆ. ಸ್ಟೇಷನ್ ರಸ್ತೆಯಲ್ಲಿ ನಾನು ಕೆಲಸ ಮಾಡುವ ಬಟ್ಟೆ ಅಂಗಡಿ ತೆರೆಯುವುದು ಹತ್ತಕ್ಕೆ. ಅಷ್ಟರೊಳಗೆ ಕೆಲವು ದಿನ ಅವ್ವನ ಜೊತೆ ಕೆರೆಯ ಉದ್ಯಾನಕ್ಕೆ ಬಂದು ನೀರು ಚಿಮುಕಿಸಿ ಹೋಗುತ್ತಿದ್ದೆ. ಬಾಯಿ ಬಿಚ್ಚಬಾರದೆಂಬ ಕರಾರಿನ ಮೇಲೆ ಅವ್ವ ನನ್ನನ್ನು ಕರೆತರುತ್ತಿದ್ದಳು.

ಕೆರೆಯ ಸುತ್ತ ಎರಡು ದಾರಿ. ಕೆಂಪು ಪಟ್ಟಿ ನಡೆಯುವವರಿಗೆ. ಅದರ ಪಕ್ಕದಲ್ಲಿ ಹೊಸದಾಗಿ ಬಣ್ಣ ಬಳಿದ ನೀಲಿ ಪಟ್ಟಿ ಬ್ಯಾಟರಿ ಬೈಕುಗಳಿಗೆ. ಕೆಂಪಿನ ಮೇಲೆ ವಿಜಯಪುರದ ಧೂಳು ಕಾಣುತ್ತಿರಲಿಲ್ಲ. ನೀಲಿಯ ಮೇಲೆ ಗುಬ್ಬಿಯ ಕಾಲೂ ಎದ್ದು ಕಾಣುತ್ತಿತ್ತು. ಚಪ್ಪಲಿ ಹಾಕಿಕೊಂಡು ಗುಡಿಸಿದರೆ ಬಣ್ಣ ಕೀಳುತ್ತದೆ ಎಂದು ಬಸಲಿಂಗಯ್ಯನೇ ಹುಕುಂ ಮಾಡಿದ್ದ. ನೀರು ಚಿಮುಕಿಸಿದ ನೆಲದ ಮೇಲೆ ಬರಿಗಾಲು ಇಟ್ಟರೆ ಐದು ಬೆರಳೂ ಮೂಡುತ್ತಿದ್ದವು. ಗುತ್ತಿಗೆದಾರರ ಕಡೆಯ ಮೇಲ್ವಿಚಾರಕನಾದ ಅವನು ದಿನಾ ಬೆಳಿಗ್ಗೆ ಆರರೊಳಗೆ ಸ್ವಚ್ಛ ಪಟ್ಟಿಯ ಫೋಟೋ ಕಳಿಸಬೇಕಿತ್ತು. ಆ ಫೋಟೋದಲ್ಲಿ ಗುಡಿಸಿದವರ ಗುರುತು ಇರಕೂಡದು.

ಅವ್ವ ಅದಕ್ಕೆ ನಮ್ಮೂರು ನಿಡೋಣಿಯ ಉಪಾಯ ಹೂಡಿದಳು. ಊರಲ್ಲಿ ಅಂಗಳ ಗುಡಿಸುವಾಗ ನಮ್ಮ ಹೆಂಗಸರು ಹಿಂದಕ್ಕೆ ಸರಿಯುತ್ತ ಗುಡಿಸುತ್ತಾರೆ. ಗುಡಿಸಿದ ನೆಲವನ್ನು ಗುಡಿಸಿದವಳೇ ತುಳಿಯುವುದಿಲ್ಲ. ಕಸಬರಿಗೆ ಎಡಕ್ಕೆ, ಬಲಕ್ಕೆ, ಒಂದು ಹೆಜ್ಜೆ ಹಿಂದಕ್ಕೆ. ಹೀಗೆ ಎರಡು ಕಿಲೋಮೀಟರ್ ದಾರಿಯನ್ನು ಬೆನ್ನು ಮುಂದೆ ಮಾಡಿಕೊಂಡು ಗುಡಿಸತೊಡಗಿದಳು. ಜೊತೆಯಲ್ಲಿ ಗುಡಿಸುತ್ತಿದ್ದ ರೋಶನಬಿ ಚಾಚಿಗೂ ಅದನ್ನೇ ಕಲಿಸಿದಳು.

“ನಿಮ್ಮವ್ವ ನನ್ನ ಏಡಿ ಮಾಡ್ಯಾಳ ನೋಡ ಬೇಟಾ,” ಅನ್ನುತ್ತಿದ್ದಳು ಚಾಚಿ. “ಮನಿಗೆ ಹೋದ್ರೂ ಹಿಂದಿಂದಕ್ಕ ಹೊಂಟಿರ್ತೇನಿ. ನಮ್ಮ ಸೈಮಾ, ಅಮ್ಮೀ, ಬಾಗಲಾ ಈ ಕಡೆ ಐತಿ ಅಂತಾಳ.”

ಇನ್ನು ‘ತಪ್ಪಾತ್ರಿ’. ಬಸ್ಸಿನಲ್ಲಿ ಯಾರಾದರೂ ಅವ್ವನ ಕಾಲು ತುಳಿದರೆ ಅವ್ವನೇ ಹಾಗನ್ನುತ್ತಿದ್ದಳು. ರೇಷನ್ ಅಂಗಡಿಯವನು ಚೀಟಿ ಕಳೆದುಕೊಂಡರೆ ಅವ್ವ ಅನ್ನುತ್ತಿದ್ದಳು. ಒಮ್ಮೆ ಮನೆ ಮಾಲಕರ ಬಾಗಿಲ ಚೌಕಟ್ಟಿಗೆ ಹಣೆ ಬಡಿದುಕೊಂಡು ಚೌಕಟ್ಟಿಗೇ ಅಂದಿದ್ದಳು. ರೋಶನಬಿ ಚಾಚಿ ಅದನ್ನು ನೆನೆಸಿಕೊಂಡು ಕಣ್ಣಲ್ಲಿ ನೀರು ಬರುವ ಹಾಗೆ ನಗುತ್ತಿದ್ದಳು. ಅವ್ವನೂ ನಗುತ್ತಿದ್ದಳು.

ಹೀಗೆ ಕೆಲವು ದಿನ ಕಳೆದ ಮೇಲೆ ಒಂದು ಬೆಳಿಗ್ಗೆ ಗೇಟಿನ ಪಕ್ಕ ಬೋರ್ಡು ನಿಂತಿತು. ಇಬ್ಬರು ತಗ್ಗು ತೋಡಿ ಕಂಬ ಊರಿ ಹೋದರು. ಹೂವಿನ ಮಾಲೆ ಇನ್ನೂ ಹಸಿಯಾಗಿತ್ತು. ಅವ್ವ ಕಸಬರಿಗೆಯನ್ನು ಕಂಕುಳಲ್ಲಿಟ್ಟುಕೊಂಡು ಬಂದಳು.

“ಭಾಗ್ಯಾ, ಓದ ಬೇ. ಏನ ಬರದಾರ?”

ಓದಿದೆ. ವಿದ್ಯುತ್ ಬೈಕುಗಳನ್ನು ನೀಲಿ ಪಟ್ಟಿಯ ಮೇಲೆ ಮಾತ್ರ ಓಡಿಸತಕ್ಕದ್ದು. ಬೆಳಿಗ್ಗೆ ಆರರಿಂದ ಒಂಬತ್ತರವರೆಗೆ ಮಾತ್ರ. ವೇಗ ಗಂಟೆಗೆ ಹದಿನೈದು ಕಿಲೋಮೀಟರ್ ಮೀರಬಾರದು. ಹೆಲ್ಮೆಟ್ ಧರಿಸಬೇಕು. ಒಂದು ಬೈಕಿನ ಮೇಲೆ ಒಬ್ಬರೇ. ಓಡಿಸುವಾಗ ಮೊಬೈಲ್ ಬಳಸಬಾರದು. ಹಿಂದಿನಿಂದ ಬರುವವರು ದೂರದಿಂದಲೇ ಗಂಟೆ ಬಾರಿಸಬೇಕು. ಪಾದಚಾರಿಗಳಿಗೆ ಮೊದಲು ದಾರಿ ಬಿಡಬೇಕು. ಒಟ್ಟು ಎಂಟು. ಕೆಳಗೆ, ಎಂಟಕ್ಕಿಂತಲೂ ದೊಡ್ಡ ಅಕ್ಷರದಲ್ಲಿ: ಕೊಡುಗೆ, ಶ್ರೀ ಮಲಕಾಜಪ್ಪ ಸಾವಕಾರರು, ಒಣದ್ರಾಕ್ಷಿ ವ್ಯಾಪಾರಸ್ಥರು, ಟಿಕೋಟಾ.

“ಕುಂಡಿ ಹೆಂಗ ತೊಳಕೋಬೇಕು ಅನ್ನೂದೊಂದು ಬಿಟ್ಟಾರ ನೋಡು,” ಅಂದಳು ರೋಶನಬಿ ಚಾಚಿ.

ಅವ್ವ ನಗಲಿಲ್ಲ. “ನಮ್ಮ ಬಗ್ಗೆ ಏನರ ಬರದಾರೇನು?”

“ಪಾದಚಾರಿ ಅಂತ ಬರದಾರಲ್ಲ. ಅಂದ್ರ ನಡಿಯೋರು.”

“ನಾವೇನ ನಡಿಯೋರೇನ ಬೇ? ನಡಿಯೋರು ಅಂದ್ರ ಬೂಟ ಹಾಕ್ಕೊಂಡು ಕೈ ಬೀಸ್ಕೋತ ಹೋಗ್ತಾರಲ್ಲ, ಅವರು. ನಾವು ಕಸಾ ಹೊಡಿಯೋರು.”

“ಕಾಲ ಮ್ಯಾಲ ನಿಂತವರೆಲ್ಲಾ ನಡಿಯೋರ ಅವ್ವಾ. ಕಾನೂನು ಅಂದ್ರ ಎಲ್ಲಾರಿಗೂ ಒಂದ.”

ನಾನು ಪಿಯುಸಿ ಪಾಸಾದವಳು. ನಮ್ಮ ಮನೆತನದಲ್ಲಿ ಬೋರ್ಡು ಓದಬಲ್ಲ ಮೊದಲ ಹೆಣ್ಣು. ಅವ್ವ ನನ್ನ ಮುಖವನ್ನೇ ನೋಡುತ್ತಿದ್ದಳು.

ಬ್ಯಾಟರಿ ಗಾಡಿ ಎಂದರೆ ಅವಳಿಗೆ ಎದೆಬಡಿತ. ಪೆಟ್ರೋಲ್ ಗಾಡಿಯಾದರೆ ತಿರುವಿನಾಚೆ ಇರುವಾಗಲೇ ಗೊತ್ತಾಗುತ್ತದೆ. ಇದು ಬೆಕ್ಕಿನಂತೆ ಬಂದು, ಸೆರಗಿಗೆ ಗಾಳಿ ತಾಗಿದಾಗಲೇ ತಿಳಿಯುವುದು. ಬಸಲಿಂಗಯ್ಯ ಎರಡೆರಡು ಸಲ ಗುಡಿಸಲು ಹಚ್ಚಿದ ದಿನ ಆರು ದಾಟಿಬಿಡುತ್ತಿತ್ತು, ಗಾಡಿಗಳು ಬರಲು ಶುರುವಾಗುತ್ತಿದ್ದವು. ಹಾಗಾಗಿ ಅವ್ವ ನಾಲ್ಕು ಬಾರಿ ಕಸಬರಿಗೆ ಎಳೆದರೆ ಒಮ್ಮೆ ಕುತ್ತಿಗೆ ತಿರುಗಿಸಿ ಹಿಂದೆ ನೋಡುತ್ತಿದ್ದಳು. ಆ ನೋಟಕ್ಕೇ ಬಸಲಿಂಗಯ್ಯ ಬೈಯುತ್ತಿದ್ದ: “ಮಿಂಡ ಬರ್ತಾನೇನಬೇ, ಹೊಳ್ಳಿ ಹೊಳ್ಳಿ ನೋಡ್ತಿ?”

“ಹಂಗಾರ ಗಂಟಿ ಬಾರಸ್ತಾರಾ?” ಎಂದು ಅವ್ವ ಕೇಳಿದಳು.

“ಬಾರಸಬೇಕು.”

“ದೂರಿಂದನ?”

“ದೂರಿಂದನ. ಬರದಾರಲ್ಲವ್ವಾ.”

“ಆತ ಬಿಡು. ಗಂಟಿ ಕೇಳಿಸ್ತಂದ್ರ ಸರದ್ರಾತು.”

ಆವತ್ತಿನಿಂದ ಅವ್ವ ಹಿಂದೆ ನೋಡುವುದನ್ನು ಬಿಟ್ಟಳು.

*

ಮೂರು ವಾರದ ಮೇಲೆ ಒಂದು ಮಂಗಳವಾರ. ನಾನು ಆವತ್ತು ಹೋಗಿರಲಿಲ್ಲ. ಆಗಿದ್ದನ್ನು ದವಾಖಾನೆಯ ಮೆಟ್ಟಿಲ ಮೇಲೆ ಕೂತು ರೋಶನಬಿ ಚಾಚಿ ಹೇಳಿದಳು. ಅವಳ ಅಂಗೈಯಲ್ಲಿ ಒಣಗಿದ ರಕ್ತ.

“ಆರ ಹೊಡದು ಹತ್ತ ನಿಮಿಷ ಆಗಿತ್ತು ಬೇಟಾ. ಒಮ್ಮಿ ಮುಗಿಸಿ ಕಸಬರಿಗಿ ಝಾಡಿಸಿ ಕುಂತಿದ್ವಿ. ಆ ಬಸ್ಯಾ ಬಂದ. ನಾಯಿ ಹೆಜ್ಜಿ ಬಿದ್ದಾವು, ಮತ್ತ ಹೊಡೀರಿ ಅಂದ. ಟೈಮ್ ಆಗೇತ್ರಿ, ಗಾಡಿ ಬರ್ತಾವು ಅಂದೆ ನಾ. ನಿನ್ನ ಟೈಮ್ ನಾ ಹೇಳ್ತೇನಿ, ಎದ್ದೇಳ ಭಾಡ್ಕಾವ ಅಂದ. ನಿಮ್ಮವ್ವ ಎದ್ದಳು. ನಾ ಇನ್ನೂ ಸೊಂಟ ಹಿಡಕೊಂಡು ಏಳಾಕತ್ತಿದ್ದೆ.”

“ಗಂಟಿ ಬಾರಿಸಿದ್ರಾ ಚಾಚಿ?”

“ಎಲ್ಲೀದು ಗಂಟಿ. ಆ ದ್ರಾಕ್ಷಿ ಸಾವಕಾರ ಮಾರಿ ಹಿಂದ ಹೊಳ್ಳಿಸಿ ನಕ್ಕೋತ ಬಂದ. ಹಿಂದಿನ ಗಾಡ್ಯಾಗ ಅವನ ದೋಸ್ತ ವೀಡಿಯೋ ಹಿಡದಿದ್ದ. ಇಂವ ಹಿಂದ ನೋಡ್ಕೋತ ಮುಂದ ಬಂದ, ಆಕಿ ಮುಂದ ನೋಡ್ಕೋತ ಹಿಂದ ಹೊಂಟಿದ್ದಳು. ನಾ ಒದರೂದ್ರಾಗ ಆಗಿಹೋಗಿತ್ತು.”

ಬೋರ್ಡು ಕೊಟ್ಟ ಮಲಕಾಜಪ್ಪ ಸಾವಕಾರರು. ಶಹರಿನಲ್ಲೂ ಮನೆಯಿದೆ, ಟಿಕೋಟಾದಲ್ಲಿ ದ್ರಾಕ್ಷಿ ಒಣಗಿಸುವ ಉದ್ದುದ್ದ ಶೆಡ್ಡುಗಳಿವೆ. ಡಾಕ್ಟರು ಮೈ ಇಳಿಸಿ ಎಂದಿದ್ದಕ್ಕೆ ದಪ್ಪ ಗಾಲಿಯ ಬ್ಯಾಟರಿ ಬೈಕು ತಂದಿದ್ದರು. ಕಾಲಿಗೆ ಕೆಲಸವಿಲ್ಲ, ಹಿಡಿ ತಿರುವಿದರೆ ಸಾಕು. ಹೆಲ್ಮೆಟ್ ಇತ್ತು. ಅವರ ಮೊಳಕಾಲಿಗೆ ತರಚು ಗಾಯವಾಗಿತ್ತು.

ಸಂಜೆಯೊಳಗೆ ವೀಡಿಯೋ ಎಲ್ಲರ ಮೊಬೈಲಿಗೆ ಬಂತು. ಅಂಗಡಿಯ ಹುಡುಗಿಯೊಬ್ಬಳು ನನ್ನ ಅವ್ವ ಎಂದು ತಿಳಿಯದೆ ನನಗೇ ಕಳಿಸಿದಳು. ಹದಿನಾಲ್ಕು ಸೆಕೆಂಡು. ಅದು ಶುರುವಾಗುವುದೇ ಅವ್ವ ನೀಲಿಯ ಮೇಲೆ ಬಿದ್ದಲ್ಲಿಂದ. ಬಲಗೈ ಮೈಯಡಿ ಸಿಕ್ಕಿದೆ. ಕೈ ಜೋಡಿಸಲು ಬಾರದೆ ಎಡಗೈ ಒಂದನ್ನೇ ಹಣೆಗೆ ಒಯ್ಯುತ್ತಾಳೆ. ತಲೆಯ ಕೆಳಗಿಂದ ಏನೋ ಹರಿಯುತ್ತಿದೆ, ನೀಲಿಯ ಮೇಲೆ ಅದು ಕಪ್ಪಾಗಿ ಕಾಣುತ್ತದೆ.

“ತಪ್ಪಾತ್ರಿ ಯಪ್ಪಾ. ತಪ್ಪಾತ್ರಿ. ನಿಮಗ ಪೆಟ್ಟ ಆಗಿಲ್ಲಲ್ರಿ?”

ಅಷ್ಟೇ. ಅದರ ಕೆಳಗೆ ಯಾರೋ ಬರೆದಿದ್ದರು: ತಪ್ಪು ಒಪ್ಪಿಕೊಳ್ಳುವ ದೊಡ್ಡ ಗುಣ, ಬಡವರಿಂದ ಕಲಿಯಬೇಕು. ಕೈಮುಗಿದ ಚಿತ್ರಗಳು ಇನ್ನೂರು ಇದ್ದವು.

*

ದವಾಖಾನೆಯಲ್ಲಿ ಅವ್ವ ಹನ್ನೊಂದು ದಿನ ಇದ್ದಳು. ತೊಡೆಯ ಎಲುಬು ಮುರಿದಿತ್ತು. ತಲೆಯೊಳಗೆ ರಕ್ತ ಹೆಪ್ಪುಗಟ್ಟಿದೆ ಎಂದರು. ಎಚ್ಚರ ಬಂದಾಗ ಮಾತು ಸ್ಪಷ್ಟವಾಗಿಯೇ ಇರುತ್ತಿತ್ತು.

“ಸಾವಕಾರ್ರಿಗೆ ಆರಾಮ ಆತಂತೇನು?”

“ಆರಾಮ ಅದಾರ.”

“ಒಮ್ಮಿ ಹೋಗಿ ಮಾತಾಡ್ಸಿ ಬರ್ಬೇಕಿತ್ತು. ನಾ ಏಳಾಕ ಬಂದ್ರ.”

ಒಬ್ಬ ಪೋಲೀಸ ಬಂದು ಮಂಚದ ಹತ್ತಿರ ನಿಂತ. ಜೊತೆಗೆ ಬಸಲಿಂಗಯ್ಯ ಇದ್ದ. ಪೋಲೀಸ ಕೇಳಿದ್ದಕ್ಕೆಲ್ಲ ಬಸಲಿಂಗಯ್ಯನೇ ಉತ್ತರ ಹೇಳಿದ. ಅವ್ವ ನಿದ್ದೆಯಲ್ಲಿದ್ದಳು. ಮನೆಯವರ ಹೇಳಿಕೆ ಒಂದು ಬೇಕಾಗುತ್ತದೆ, ಉದ್ಯಾನದ ಆಫೀಸಿನವರೇ ಬರೆಸಿ ಕಳಿಸುತ್ತಾರೆ ಎಂದು ಹೇಳಿ ಹೋದರು.

ಒಂಬತ್ತನೆಯ ದಿನ ಮಧ್ಯಾಹ್ನ ಅವ್ವ ನನ್ನ ಮಣಿಕಟ್ಟು ಹಿಡಿದಳು. ಬೆರಳು ತಣ್ಣಗಿದ್ದವು.

“ಭಾಗ್ಯಾ, ಯಾರಿಗೂ ಹೇಳಬ್ಯಾಡ. ನನಗ ಕಿವಿ ಮಂದ ಆಗ್ಯಾವ.”

“ಯಾರ ಅಂದ್ರು?”

“ಯಾರ ಅನ್ನಬೇಕು. ಗಂಟಿ ಕೇಳಸಲೇ ಇಲ್ಲ ಬೇ ನನಗ. ಅಷ್ಟ ಹತ್ತರ ಬಂದ್ರೂ ಕೇಳಲಿಲ್ಲ.” ಬಾಗಿಲ ಕಡೆ ನೋಡಿದಳು. “ಕಿವಿ ಹ್ವಾದಾಕಿನ ಕೆಲಸಕ್ಕ ಇಟ್ಕೊಳ್ಳಂಗಿಲ್ಲ. ಬಸಲಿಂಗಯ್ಯಗ ತಿಳೀಬಾರದು.”

ನಾನು ಅವಳ ಕಿವಿಯ ಹತ್ತಿರ ಬಗ್ಗಿದೆ. ಗಂಟೆ ಬಾರಿಸಲಿಲ್ಲವ್ವ, ನಿನ್ನ ಕಿವಿ ನೆಟ್ಟಗಿವೆ. ಅಷ್ಟು ಹೇಳಬೇಕಿತ್ತು. ಹೇಳಿದರೆ ಅವಳು ಮುಂದಿನ ಮಾತು ಕೇಳುತ್ತಿದ್ದಳು: ಹಂಗಾರ ಬೋರ್ಡಿನ್ಯಾಗ ಬಾರಸ್ತಾರ ಅಂತ ನೀ ಓದಿದೆಲ್ಲ ಬೇ?

“ಮಕ್ಕೋ ಅವ್ವಾ,” ಅಂದೆ.

ಎರಡು ದಿನದ ಮೇಲೆ ಬೆಳಗಿನ ಚಹಾದ ಹೊತ್ತಿಗೆ ಅವ್ವ ಹೋದಳು. ಅವಳನ್ನು ನಿಡೋಣಿಗೆ ಒಯ್ದು ಮಣ್ಣು ಕೊಟ್ಟೆವು. ಮಣ್ಣಿಗೆ ಬಂದವರಲ್ಲಿ ಅರ್ಧ ಜನ ವೀಡಿಯೋ ನೋಡಿದ್ದರು.

*

ಅಪ್ಪ ಧೂಳಪ್ಪ ಕಾಖಂಡಕಿಯ ಕಡೆ ಮಂದಿಯ ಕುರಿ ಕಾಯುವವನು. ಐದನೆಯ ದಿನ ಅವನು ಕಂಬಳಿ ಹೆಗಲಿಗೆ ಹಾಕಿಕೊಂಡು ಹೊರಡಲು ನಿಂತಿದ್ದ.

“ಆಫೀಸಿಗೆ ಕರದಾರಂತಲ್ಲ. ಏನ ಕಾಗದ ಕೊಡ್ತಾರೋ ಅದಕ್ಕ ಸಯಿ ಮಾಡಿ ಬಾ.”

“ಅವ್ವಂದ ತಪ್ಪು ಅಂತ ಬರದಿರ್ತಾರ ಅಪ್ಪಾ.”

“ಆಕಿನ ಅಂದಾಳಲ್ಲ.”

“ನೀನೂ ಅಂತಿ. ಮೊನ್ನಿ ಬಸ್ಸಿನ್ಯಾಗ ಕಂಡಕ್ಟರ್ ಚಿಲ್ಲರ ಕೊಡದ ಇದ್ದಾಗೂ ನೀನ ತಪ್ಪಾತ್ರಿ ಅಂದಿ.”

ಅಪ್ಪ ಕಂಬಳಿಯ ಅಂಚನ್ನು ತಿರುವುತ್ತ ನಿಂತ. “ಅನ್ನಲಿಲ್ಲಂದ್ರ ಬಡೀತಾರ ಬೇ. ಸಣ್ಣಾಂವ ಇದ್ದಾಗ ಗೌಡರ ಹೊಲದ ಬದುವಿಗೆ ಕುರಿ ಬಾಯಿ ಹಾಕಿದ್ವು ಅಂತ ನಮ್ಮಪ್ಪನ್ನ ಬಾರಕೋಲಲೆ ಹೊಡದ್ರು. ನಮ್ಮ ಕುರಿ ಅಲ್ಲ ಅವು. ನಮ್ಮವಲ್ಲ ಅಂದ್ರ ಮತ್ತ ಹೊಡದ್ರು. ತಪ್ಪಾತ್ರಿ ಅಂದ್ರ ಬಿಟ್ರು.” ಹೊಸ್ತಿಲು ದಾಟಿದವನು ತಿರುಗಿ ನೋಡಲಿಲ್ಲ. “ಸಯಿ ಮಾಡಿ ಬಾ.”

ಅದೇ ಮಧ್ಯಾಹ್ನ ರೋಶನಬಿ ಚಾಚಿ ಬಸ್ಸು ಹಿಡಿದು ನಿಡೋಣಿಗೆ ಬಂದಳು. ಕೈಯಲ್ಲಿ ಸಕ್ಕರೆಯ ಪೊಟ್ಟಣ. ಗೋಡೆಗೆ ಒರಗಿ ಕೂತು, ಕೊಟ್ಟ ನೀರು ಕುಡಿಯದೆ, ಲೋಟವನ್ನು ನೆಲದ ಮೇಲೆ ತಿರುಗಿಸುತ್ತಿದ್ದಳು.

“ನಾಳಿ ಆಫೀಸಿಗೆ ನೀನೂ ಬಾ ಚಾಚಿ. ನೋಡಿದಾಕಿ ನೀ ಒಬ್ಬಾಕಿನ.”

“ನಾ ಆಗಲೇ ಹೆಬ್ಬಟ್ಟ ಒತ್ತೇನಿ ಬೇಟಾ.”

“ಏನಂತ?”

“ನೋಡಿಲ್ಲ ಅಂತ.” ಲೋಟ ನಿಂತಿತು. “ನಿಮ್ಮವ್ವ ಇನ್ನೂ ದವಾಖಾನ್ಯಾಗ ಇದ್ದಳು. ಆ ಬಸ್ಯಾ ಮನಿ ಮಟ ಬಂದಿದ್ದ. ಸಾಬರ ಪೈಕಿ ನಿನ್ನೊಬ್ಬಾಕಿನ್ನ ಇಟ್ಕೊಂಡೇನಿ, ಬಾಯಿ ಬಿಟ್ರ ನೀನ ಆಕಿನ್ನ ನೂಕೀದಿ ಅಂತ ಬರಸ್ತೇನಿ ಅಂದ. ಮನ್ಯಾಗ ಸೈಮಾ ನಿಂತಿದ್ದಳು, ಕೇಳಿದಳು. ನನ್ನ ಕೈ ಅವರ ಹಿಡದು ಒತ್ತಿಸಿದ್ರು ಅಂತ ನಾ ಸುಳ್ಳು ಹೇಳಂಗಿಲ್ಲ. ನಾನ ಒತ್ತೇನಿ.”

ನಾನು ಸಕ್ಕರೆಯ ಪೊಟ್ಟಣವನ್ನು ಅವಳ ಕಡೆಗೇ ಸರಿಸಿದೆ. ಅವಳು ಅದನ್ನು ಅಲ್ಲಿಯೇ ಬಿಟ್ಟು, ಬಸ್ಸು ಇನ್ನೂ ಬಂದಿರದಿದ್ದರೂ ಎದ್ದು ಹೋದಳು.

*

ಮರುದಿನ ಉದ್ಯಾನದ ಗೇಟಿನಲ್ಲಿ ನಿಂತೆ. ಬೋರ್ಡಿನ ಮೇಲೆ ಒಂಬತ್ತು ನಿಯಮಗಳಿದ್ದವು. ಕೊನೆಯದರ ಬಣ್ಣ ಇನ್ನೂ ಮಿರಿಮಿರಿ ಹೊಳೆಯುತ್ತಿತ್ತು. ‘ಸ್ವಚ್ಛತಾ ಕೆಲಸಗಾರರು ಬೆಳಿಗ್ಗೆ ಆರರ ನಂತರ ನೀಲಿ ಪಟ್ಟಿಯ ಮೇಲೆ ಇರತಕ್ಕದ್ದಲ್ಲ. ಇದ್ದಲ್ಲಿ ಅವರೇ ಹೊಣೆಗಾರರು.’

ನಮ್ಮ ಬಗ್ಗೆ ಏನರ ಬರದಾರೇನು ಎಂದು ಅವ್ವ ಕೇಳಿದ್ದಳು.

ಆಫೀಸಿನಲ್ಲಿ ಮೇಜಿನ ಹಿಂದೆ ಉದ್ಯಾನ ಸಮಿತಿಯ ಕಾರ್ಯದರ್ಶಿ ಗುರಲಿಂಗಪ್ಪ ಕೂತಿದ್ದರು. ನಿವೃತ್ತ ಮಾಸ್ತರರು, ಬಿಳಿ ಅಂಗಿ, ಮೆಲುದನಿ. ಪಕ್ಕದಲ್ಲಿ ಮಲಕಾಜಪ್ಪ ಸಾವಕಾರರು. ಬಸಲಿಂಗಯ್ಯ ಕಿಟಕಿಗೆ ಒರಗಿ ನಿಂತಿದ್ದ. ರೋಶನಬಿ ಚಾಚಿಯನ್ನೂ ಕರೆಸಿದ್ದರು, ಬಾಗಿಲ ಹೊರಗೆ ಕುಕ್ಕರಗಾಲಲ್ಲಿ ಕೂತಿದ್ದಳು. ನಾನು ಅವಳ ಕಡೆ ನೋಡಲಿಲ್ಲ. ನನಗೆ ಸಾವಕಾರರ ಪಕ್ಕದಲ್ಲಿ ಒಂದು ಸ್ಟೂಲು ಕೊಟ್ಟರು.

“ಕೂಡವ್ವ,” ಅಂದರು ಗುರಲಿಂಗಪ್ಪ. “ಆದದ್ದು ಬಹಳ ಕೆಟ್ಟ ಆತು. ಸಾವಕಾರ್ರೂ ಭಾಳ ನೊಂದಾರ. ಮೂರ ದಿನ ಊಟಾ ಮಾಡಿಲ್ಲ ಅವರು.”

ಸಾವಕಾರರು ಹೌದೆಂಬಂತೆ ಕಣ್ಣು ಮುಚ್ಚಿದರು. ನಿಜವಾಗಿಯೂ ನೊಂದಿರಬಹುದು.

“ನೋಡವ್ವ, ಇಲ್ಲೆ ನಿಯಮ ಅದಾವ. ಟೈಮ್ ಅದ. ಆರರ ಮ್ಯಾಲ ಆ ಪಟ್ಟಿ ಮ್ಯಾಲ ಯಾರೂ ಇರಬಾರದು.”

“ಆ ನಿಯಮಾ ನಮ್ಮವ್ವ ಬಿದ್ದ ಮ್ಯಾಲ ಬರದೀರಿ ಸರ್. ಬಣ್ಣ ಆರಿಲ್ಲ ಇನ್ನೂ.”

ಗುರಲಿಂಗಪ್ಪ ಬಸಲಿಂಗಯ್ಯನನ್ನು ನೋಡಿದರು. ಅವನು ಮೂಗು ಒರೆಸಿಕೊಂಡ. “ಬಾಯಿಲೆ ಮೊದಲಿಂದಲೂ ಹೇಳಿತ್ರಿ. ಬರಿಯೂದೊಂದು ಉಳದಿತ್ತು.”

“ಆರ ಹೊಡದ ಮ್ಯಾಲ ಮತ್ತ ಹೊಡಿ ಅಂತ ಎಬ್ಬಿಸಿದಾಂವ ನೀನ ಅಲ್ಲೇನು?”

“ಏ, ಯಾರಿಗೆ ನೀನು ಅಂತಿ? ನಾಲಿಗಿ ಉದ್ದ ಆತೇನ ಹಲಕಟ್ಟ್ ಸೂಳಿ? ನಾ ಎಬ್ಬಿಸಿದ್ದು ಯಾರ ನೋಡ್ಯಾರ?”

ಬಾಗಿಲ ಹೊರಗೆ ಚಾಚಿಯ ಬಳೆ ಸದ್ದು ಮಾಡಿದವು, ಅಷ್ಟೇ.

“ಸುಮ್ಮನಿರು ಬಸಲಿಂಗಯ್ಯ,” ಅಂದರು ಗುರಲಿಂಗಪ್ಪ. ಮೊಬೈಲು ತೆಗೆದು ಮೇಜಿನ ಮೇಲಿಟ್ಟು ವೀಡಿಯೋ ಹಚ್ಚಿದರು. ಹದಿನಾಲ್ಕು ಸೆಕೆಂಡು ಅವ್ವನ ದನಿ ಆ ಕೋಣೆಯಲ್ಲಿತ್ತು. “ಇದನ್ನ ನಾವು ಹೇಳಿದ್ದಲ್ಲವ್ವ. ನಿಮ್ಮ ತಾಯಿನ ಹೇಳ್ಯಾರ. ಸತ್ಯ ನುಡದಾರ, ದೊಡ್ಡ ಮನಸಿನ ಹೆಣಮಗಳು.”

“ಇದರ ಮೊದಲಿಂದು ತೋರಸ್ರಿ.”

“ಇರೂದ ಅಷ್ಟ ಅದ,” ಅಂದರು ಸಾವಕಾರರು. ಅವರು ಮಾತಾಡಿದ್ದು ಅದೇ ಮೊದಲು. ಕಾಗದವನ್ನು ನನ್ನತ್ತ ತಳ್ಳಲು ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡರು. ಕುರ್ಚಿಯ ಕಬ್ಬಿಣದ ಕಾಲು ನನ್ನ ಹೆಬ್ಬೆರಳಿನ ಮೇಲೆ ಬಂದು ಕೂತಿತು. ಮೇಲೆ ಅವರ ಭಾರ.

“ತಪ್ಪಾತ್ರಿ,” ಅಂದೆ.

ಕಾಲು ಎಳೆದುಕೊಂಡೆ. ಉಗುರಿನ ಸಂದಿಯಲ್ಲಿ ರಕ್ತ ಮೂಡಿತು. ಯಾರೂ ಗಮನಿಸಲಿಲ್ಲ. ಸಾವಕಾರರು ‘ಇರಲಿ’ ಎಂಬಂತೆ ಕೈಯಾಡಿಸಿದರು, ಅವರು ನನ್ನನ್ನು ಕ್ಷಮಿಸಿದ್ದರು. ಪಿಯುಸಿ ಪಾಸಾದ ನನ್ನ ಬಾಯಿಂದ ಅದು ಹೇಗೆ ಬಂತು, ಎಲ್ಲಿತ್ತು ಇಷ್ಟು ದಿನ, ನನಗೆ ತಿಳಿಯಲಿಲ್ಲ.

“ಸರ್,” ಅಂದೆ ಗುರಲಿಂಗಪ್ಪನವರಿಗೆ. “ಈಗ ಏನಾತು ಬರಕೋರಿ.”

“ಏನಾತವ್ವ?”

“ಸಾವಕಾರ್ರ ಕುರ್ಚಿ ನನ್ನ ಕಾಲ ಮ್ಯಾಲ ಬಂತು. ರಕ್ತ ನನ್ನ ಕಾಲಾಗ ಬಂತು. ತಪ್ಪಾತ್ರಿ ಅಂತ ನಾ ಅಂದೆ. ನನ್ನ ತಪ್ಪು ಇದ್ರಾಗ ಏನಿತ್ತು ಹೇಳ್ರಿ.”

ಗುರಲಿಂಗಪ್ಪ ಕನ್ನಡಕ ತೆಗೆದರು. ನನ್ನ ಕಾಲು ನೋಡಿದರು. ಒಂದು ಗಳಿಗೆ ಅವರ ಮುಖದಲ್ಲಿ ಏನೋ ಬಂದು ಹೋಯಿತು. ಮಾಸ್ತರಿಕೆ ಮಾಡಿದವರು, ಅರ್ಥವಾಗಿತ್ತು. ಮತ್ತೆ ಕನ್ನಡಕ ಹಾಕಿಕೊಂಡರು.

“ಅದಕ್ಕೂ ಇದಕ್ಕೂ ಏನು ಸಂಬಂಧ.”

“ಕಾಲು ಒಳಗ ತಗೊಂಡ ಕೂಡಬೇಕು,” ಅಂದ ಬಸಲಿಂಗಯ್ಯ.

ಕಾಗದ ನನ್ನ ಮುಂದಿತ್ತು. ‘ನಮ್ಮ ತಾಯಿ ಬೋರವ್ವ ಗಂಡ ಧೂಳಪ್ಪ ಇವರು ವಿದ್ಯುತ್ ಬೈಕುಗಳಿಗೆ ಮೀಸಲಾದ ಪಟ್ಟಿಯ ಮೇಲೆ ನಿಗದಿತ ವೇಳೆ ಮೀರಿ ಹಿಮ್ಮುಖವಾಗಿ ಚಲಿಸುತ್ತಿದ್ದ ಕಾರಣ ಸದರಿ ಘಟನೆ ಸಂಭವಿಸಿದ್ದು, ತಮ್ಮ ತಪ್ಪನ್ನು ಅವರು ಸ್ಥಳದಲ್ಲಿಯೇ ಒಪ್ಪಿಕೊಂಡಿರುತ್ತಾರೆ. ಈ ಬಗ್ಗೆ ಯಾರ ಮೇಲೂ ನಮ್ಮ ತಕರಾರು ಇರುವುದಿಲ್ಲ.’ ಕೆಳಗೆ ಸಹಿಗೆ ಚುಕ್ಕಿಗಳ ಸಾಲು.

“ಸಯಿ ಮಾಡವ್ವ. ನಿಮ್ಮ ತಾಯಿ ಜಾಗಾಕ್ಕ ನಿನ್ನ ತೊಗೊಳ್ಳಾಕ ಹೇಳೇನಿ. ಪಗಾರೂ ಅಷ್ಟ.”

ಪೆನ್ನು ತೆಗೆದುಕೊಂಡೆ. ಚುಕ್ಕಿಗಳ ಮೇಲೆ ಬರೆದೆ: ‘ನಮ್ಮ ಅವ್ವ ಗುಡಿಸುತ್ತಿದ್ದಳು. ಗಂಟೆ ಬಾರಿಸಲಿಲ್ಲ.’

ಮಂಚದ ಮೇಲಿದ್ದವಳಿಗೆ ಹೇಳಬೇಕಾದ ಮಾತು ಅದು. ತನಗೆ ಕಿವಿ ಕೇಳಿಸುವುದಿಲ್ಲ ಎಂದು ನಂಬಿಕೊಂಡೇ ಹೋದವಳಿಗೆ. ಎರಡು ದಿನ ಸಮಯವಿತ್ತು, ಹೇಳಲಿಲ್ಲ. ಈಗ ಪೋಲೀಸರ ಕಾಗದಕ್ಕೆ ಹೇಳುತ್ತಿದ್ದೇನೆ.

ಗುರಲಿಂಗಪ್ಪ ಓದಿದರು. “ಹಾಳಿ ಕೆಡಿಸಿದೆಲ್ಲವ್ವ,” ಎಂದು ಮೆಲ್ಲಗೆ ಅಂದು, ಕಂಪ್ಯೂಟರಿನ ಗುಂಡಿ ಒತ್ತಿದರು. ಮೂಲೆಯಲ್ಲಿದ್ದ ಪ್ರಿಂಟರು ಕಿರುಗುಟ್ಟಿ ಇನ್ನೊಂದು ಹಾಳೆ ಹೊರಹಾಕಿತು. ಅದೇ ಮಾತು, ಅದೇ ಚುಕ್ಕಿಗಳು.

ನಾನು ಅದರ ಮೇಲೂ ಬರೆದೆ. ಗಂಟೆ ಬಾರಿಸಲಿಲ್ಲ.

“ಹುಚ್ಚ ಹಿಡದೈತ್ರಿ ಇದಕ್ಕ,” ಅಂದ ಬಸಲಿಂಗಯ್ಯ. “ಕೈ ಹಿಡದು ಒತ್ತಸ್ರಿ ಹೆಬ್ಬಟ್ಟ.”

“ಸಯಿ ಮಾಡಾಕ ಬರೂರ ಹೆಬ್ಬಟ್ಟ ನಡಿಯೂದಿಲ್ಲ,” ಅಂದರು ಗುರಲಿಂಗಪ್ಪ, ಅದೇ ಮೆಲುದನಿಯಲ್ಲಿ. ಮೂರನೆಯ ಹಾಳೆ ಬಂತು.

ಆಗ ಹೊರಗಿದ್ದ ರೋಶನಬಿ ಚಾಚಿ ಎದ್ದು ಬಾಗಿಲೊಳಗೆ ಬಂದಳು. ಸೆರಗನ್ನು ಎರಡೂ ಕೈಯಲ್ಲಿ ಹಿಂಡುತ್ತಿದ್ದಳು. ನನ್ನ ಕಾಲಿನ ಕಡೆ ನೋಡಿದಳು, ಮುಖ ನೋಡಲಿಲ್ಲ.

“ಸಾಹೇಬ್ರ, ನನ್ನ ಹೆಬ್ಬಟ್ಟಿನ ಕಾಗದ ವಾಪಸ ಕೊಡ್ರಿ.”

“ಅದು ಠಾಣೇಕ ಹೋಗಿ ವಾರ ಆತಲ್ಲ.”

“ಹಂಗಾರ ಇನ್ನೊಂದ ಹಾಳಿ ಕೊಡ್ರಿ.”

“ಎದಕ?”

“ನೋಡೇನಿ ಅಂತ ಬರಸಾಕ.”

“ಎರಡ ಹೇಳಿಕಿ ಕೊಟ್ರ ಎರಡೂ ಸುಳ್ಳು ಅಂತ ಹಿಡೀತಾರವ್ವ,” ಅಂದರು ಗುರಲಿಂಗಪ್ಪ. “ನಿನಗ ತ್ರಾಸು. ಮನಿಗೆ ಹೋಗು.”

“ನಾಳಿಂದ ಕೆಲಸಕ್ಕ ಬರಬ್ಯಾಡ ನೀ,” ಅಂದ ಬಸಲಿಂಗಯ್ಯ. “ಕೇಳಿಸ್ತಿಲ್ಲೋ? ಹೊರಗ ನಡಿ.”

ಚಾಚಿಗೆ ಕೇಳಿಸಿತ್ತು. ಅವಳ ತುಟಿ ಅಲುಗಿದವು. ಯಾವ ಮಾತು ಬರುತ್ತಿದೆ ಎಂದು ನನಗೆ ಗೊತ್ತಿತ್ತು. ಬಾಯಿಗೆ ಸೆರಗು ಒತ್ತಿ ಹಿಡಿದು ಅದನ್ನು ಒಳಗೇ ನಿಲ್ಲಿಸಿಕೊಂಡಳು. ಹಾಗೆಯೇ ಗೋಡೆಗೆ ಬೆನ್ನು ಜಾರಿಸುತ್ತ ಆಫೀಸಿನ ನೆಲದ ಮೇಲೆ, ಒಳಗೇ, ಕೂತುಬಿಟ್ಟಳು.

ಸಾವಕಾರರು ಕೈಗಡಿಯಾರ ನೋಡಿಕೊಂಡರು. ನಾನು ಮೂರನೆಯ ಹಾಳೆಯ ಮೇಲೆ ಬರೆದು ಮೇಜಿನ ಆಚೆಗೆ ದೂಡಿದೆ. ಗುರಲಿಂಗಪ್ಪ ಅದನ್ನು ನಾಲ್ಕು ಮಡಿಕೆ ಮಾಡಿ ಡ್ರಾಯರಿಗೆ ಹಾಕಿ, ಮತ್ತೆ ಗುಂಡಿ ಒತ್ತಿದರು. ಪ್ರಿಂಟರು ಹಾಳೆ ಎಳೆದುಕೊಳ್ಳತೊಡಗಿತು. ನಾನು ಪೆನ್ನಿನ ಮುಚ್ಚಳ ಹಾಕಲಿಲ್ಲ.